ಟಬ್ಬಿನ ತಳದ ತಟ್ಟೆಗಳು

ಗೆಳೆಯ ಗಿರಿಯಪ್ಪನಿಗೆ,

ಕಡೂರಿನ ಪಾತ್ರೆ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ನೀನು ಹೋಗಿ ವರ್ಷ ತುಂಬುತ್ತಾ ಬಂತು. ಈ ಪತ್ರಕ್ಕೆ ವಿಳಾಸವಿಲ್ಲ, ಉತ್ತರ ಬರುವುದೂ ಇಲ್ಲ. ಪತ್ರಿಕೆಗಳ ಸಂಪಾದಕರಿಗೆ ಬರೆದು ಬರೆದು ಅದು ನನಗೆ ಅಭ್ಯಾಸವಾಗಿದೆ.

ನಮ್ಮ ಒತ್ತಾಸೆ ಬಳಗದ ವರ್ಷದ ಊಟ ಈ ಸಲ ಊಟವಿಲ್ಲದೆ, ಫೋನಿನ ಪರದೆಯ ಮೇಲೆ ನಡೆಯಿತು. ಇದನ್ನು ಕೇಳಿ ನೀನು ಏನನ್ನುತ್ತಿದ್ದೆಯೋ ಗೊತ್ತಿಲ್ಲ. ನನಗೆ ಮೊದಲು ಸಿಟ್ಟು ಬಂದಿತ್ತು. ಈಗ ಅದೂ ಇಲ್ಲ. ಪುಷ್ಯದ ಬೆಳಗ್ಗೆ ತೊಟ್ಟಿಯ ನೀರಿನಲ್ಲಿ ಕೈ ಮುಳುಗಿಸಿ ಇಟ್ಟುಕೊಂಡರೆ ಬೆರಳು ಜೋಮು ಹಿಡಿಯುತ್ತದಲ್ಲ, ಒಳಗೆಲ್ಲ ಹಾಗಿದೆ. ಒತ್ತಿದರೆ ಇದೆ ಅಂತ ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ.

ನೀನು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಅಗಲವಾದ ಬೇಸಿನ್ ಕೇಳಿಕೊಂಡು. ಆಸ್ಪತ್ರೆಯಲ್ಲಿ ಗಾಯಗಳಿಗೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿದ್ದೆ. ಡ್ಯೂಟಿ ಮುಗಿದ ಮೇಲೆ ಸೈಕಲ್ ಹತ್ತಿ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಬೆನ್ನಿನ ಹುಣ್ಣು ತೊಳೆದು ಬರುತ್ತಿದ್ದೆ. ಬೇಸಿನ್ ಯಾಕೆ ಅಂತ ಕೇಳಿದ್ದಕ್ಕೆ, "ಮನೇರ ಪಾತ್ರೆ ಮುಟ್ಟಂಗಿಲ್ಲ ಕಣಪ್ಪ, ನಮ್ದೇ ಒಂದು ಇಟ್ಕಂಡಿರಾದು ವಾಸಿ" ಅಂದೆ. ನಗುತ್ತಲೇ ಅಂದೆ. ನಾನು ಆ ನಗುವನ್ನು ನೆನಪಿಟ್ಟುಕೊಂಡೆ, ಮಾತನ್ನು ಅಲ್ಲಿಗೇ ಬಿಟ್ಟೆ. ಆಮೇಲೆ ಬಳಗ ಹುಟ್ಟಿತು. ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಗೆ ಹೋಗಿ ಆರೈಕೆ ಮಾಡುವವರು ಸೇರಿದರು, ದಾನ ಕೊಡುವವರೂ ಸೇರಿದರು. ಎಲ್ಲರೂ ವರ್ಷಕ್ಕೊಮ್ಮೆ ಕೂತು ಉಣ್ಣಬೇಕು ಅಂತ ನೀನು ಹಟ ಹಿಡಿದೆ. ಒಂದು ವರ್ಷ ಆ ಊರಲ್ಲಿ, ಇನ್ನೊಂದು ವರ್ಷ ಈ ಊರಲ್ಲಿ.

ನಮ್ಮ ಪದ್ಧತಿ ನಿನಗೆ ನಾನು ಹೇಳಬೇಕಾಗಿಲ್ಲ, ಆದರೂ ಬರೆಯುತ್ತೇನೆ. ತಟ್ಟೆ ಮನೆಯಿಂದಲೇ ತರಬೇಕು. ಉಂಡ ಮೇಲೆ ಎಲ್ಲರ ತಟ್ಟೆಯೂ ಒಂದೇ ದೊಡ್ಡ ಟಬ್ಬಿಗೆ ಬೀಳಬೇಕು. ಆಮೇಲೆ ಒಬ್ಬೊಬ್ಬರೂ ಕೈಗೆ ಸಿಕ್ಕಿದ ಒಂದು ತಟ್ಟೆ ತೆಗೆದು ತೊಳೆದು, ಹಿಂದೆ ಕೊರೆದ ಹೆಸರನ್ನು ಗಟ್ಟಿಯಾಗಿ ಕೂಗಿ, ಆ ಮನುಷ್ಯನನ್ನು ಹುಡುಕಿ ಕೈಗೆ ಕೊಡಬೇಕು. "ಪ್ರೇಮಮ್ಮ ಯಾರ್ರೀ, ಬೀರೂರು ಪ್ರೇಮಮ್ಮ?" ಅಂತ ಒಬ್ಬರು ಕೂಗಿದರೆ ಆಕೆ ಸೆರಗು ಸರಿ ಮಾಡಿಕೊಂಡು ಬರುತ್ತಿದ್ದರು. ಗುರುತಿಲ್ಲದವರಿಗೆ ಗುರುತಾಗುತ್ತಿತ್ತು. ತಟ್ಟೆಗೆ ಹೆಸರು ಕೊರೆಯುವ ಮಿಷನ್ ನನ್ನ ಅಂಗಡಿಯದು, ಕೈಯೂ ನನ್ನದೇ. ಒಂದೇ ಹೆಸರಿನವರು ಹೆಚ್ಚಾದಾಗ ಊರಿನ ಹೆಸರನ್ನೂ ಹಾಕೋಣ ಅಂದವನು ನಾನು. ಆ ಪದ್ಧತಿಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತು ಅಂದರೆ, ಜಾತಿಯ ವಿಷಯಕ್ಕೆ ಪತ್ರಿಕೆಗಳಿಗೆ ಏನು ಬರೆದರೂ ಕೊನೆಗೆ ನಮ್ಮ ಟಬ್ಬಿನ ಉದಾಹರಣೆ ಕೊಡದೆ ಬಿಟ್ಟವನಲ್ಲ.

ಈ ವರ್ಷದ ತಯಾರಿಗೆ ಸಂಘಮಿತ್ರಾ ತರೀಕೆರೆಯಲ್ಲಿ ನಿನ್ನ ಮನೆಯಲ್ಲೇ ಸಭೆ ಕರೆದಳು. ನಿನ್ನ ಮಗಳು ಈಗ ಬಳಗದ ಕಾರ್ಯದರ್ಶಿ. ನರ್ಸ್ ಕೆಲಸ ಬಿಟ್ಟಿಲ್ಲ, ಸ್ಕೂಟರಿನಲ್ಲಿ ನಿನ್ನ ಸೈಕಲ್ಲಿನ ದಾರಿಗಳನ್ನೇ ಸುತ್ತುತ್ತಾಳೆ. ಸಭೆಗೆ ದುಶ್ಯಂತ್ ಅಂತ ಒಬ್ಬ ತರುಣ ಬಂದಿದ್ದ. ಸೇವಾಸಂಸ್ಥೆಗಳಿಗೆ ಪರಿಸರಸ್ನೇಹಿ ಕಾರ್ಯಕ್ರಮ, ಆನ್‌ಲೈನ್ ಕಾರ್ಯಕ್ರಮ ರೂಪಿಸಿಕೊಡುವುದೇ ಅವನ ಉದ್ಯೋಗವಂತೆ. ಹುಡುಗ ಒಳ್ಳೆಯವನೇ. ಲ್ಯಾಪ್‌ಟಾಪ್ ತೆರೆದು ಒಂದೊಂದಾಗಿ ಹೇಳಿದ. ಫ್ಲೆಕ್ಸ್ ಬೇಡ. ಹಾರ ತುರಾಯಿ ಬೇಡ. ಪ್ಲಾಸ್ಟಿಕ್ ಬಾಟಲಿ ಬೇಡ. ಒಬ್ಬೊಬ್ಬರು ಒಂದೊಂದು ಕಾರಿನಲ್ಲಿ ಬರುವುದು ಬೇಡ. ಮಿಕ್ಕಿದ ಅನ್ನ ಹಾಳಾಗುವುದು ಬೇಡ.

ನಾನು ಎದ್ದು ನಿಂತೆ. ನಮ್ಮ ಬಟ್ಟೆ ಬ್ಯಾನರಿಗೆ ಪ್ರತಿ ವರ್ಷ ಇಸವಿಯ ತುಂಡು ಮಾತ್ರ ಹೊಲಿಸಿದವರು ಯಾರು ಅಂತ ಕೇಳಿದೆ. ಶಿವಮೊಗ್ಗದ ರೈಲು ನೋಡಿಕೊಂಡು ಊಟದ ಹೊತ್ತು ಇಟ್ಟವರು ಯಾರು, ಪಾತ್ರೆ ತೊಳೆದ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸಿದವರು ಯಾರು ಅಂತ ಕೇಳಿದೆ. ಇವರು ಇವತ್ತು ಇಂಗ್ಲಿಷಿನಲ್ಲಿ ಹೆಸರಿಟ್ಟಿದ್ದನ್ನು ಗಿರಿಯಪ್ಪ ಹೆಸರಿಲ್ಲದೆ ಮಾಡಿದ್ದ ಅಂದೆ. ಹುಡುಗ ತಪ್ಪು ತಿಳಿಯಲಿಲ್ಲ, ಬರೆದುಕೊಂಡ. ಆಮೇಲೆ ಅವನು ಎರಡು ದಾರಿ ಇಟ್ಟ. ಸಭೆ ಸೇರುವುದಾದರೆ ಅಡಿಕೆ ಹಾಳೆಯ ತಟ್ಟೆ, ಉಂಡು ಗೊಬ್ಬರದ ಗುಂಡಿಗೆ ಹಾಕಿದರೆ ಆಯಿತು. ಸೇರುವುದೇ ಬೇಡ ಅನ್ನುವುದಾದರೆ ಆನ್‌ಲೈನ್, ಒಂದು ಲಿಂಕ್ ಕಳಿಸಿದರೆ ಎಲ್ಲರೂ ಅವರವರ ಮನೆಯಿಂದಲೇ ಕೂಡಬಹುದು.

ಅಜ್ಜಂಪುರದ ವಿಶಾಲಾಕ್ಷಮ್ಮನವರು ನಮ್ಮ ಹಳೆಯ ದಾನಿ, ನಿನಗೆ ಗೊತ್ತಲ್ಲ. ಹಾಳೆ ತಟ್ಟೆ ಅಂದ ಕೂಡಲೇ ಅವರ ಮುಖ ಅರಳಿತು. "ಒಳ್ಳೇದಾಯ್ತು ಬಿಡ್ರಿ, ಇನ್ಮೇಲೆ ಯಾರ್ ಯಾರ್ದೋ ಎಂಜಲು ಬಳಿಯಾದು ತಪ್ತು" ಅಂದರು. ನನಗೆ ತಲೆ ಕೆಟ್ಟಿತು. ಆ ಟಬ್ಬು ನಮ್ಮ ಬಳಗದ ಉಸಿರು, ಅದನ್ನು ತೆಗೆಯುವುದಾದರೆ ನನ್ನ ಹೆಸರನ್ನೂ ತೆಗೆದುಬಿಡಿ ಅಂದೆ. ಇನ್ನೂ ಏನೇನೋ ಅಂದೆ. ಓದಿದ್ದೆಲ್ಲ ಬಾಯಿಗೆ ಬಂತು. ಸಂಘಮಿತ್ರಾ ತಲೆ ಬಗ್ಗಿಸಿ ಕಾಫಿ ಲೋಟ ತಿರುಗಿಸುತ್ತಾ ಕೇಳಿದಳು. ಎಲ್ಲರ ಮಾತು ಮುಗಿದ ಮೇಲೆ, ಆನ್‌ಲೈನೇ ಆಗಲಿ, ಹಾಳೆ ತಟ್ಟೆಯೂ ಬೇಡ, ಟಬ್ಬೂ ಬೇಡ ಅಂದಳು. ಕಾರಣ ಹೇಳಲಿಲ್ಲ. ನಾಳೆ ಇನ್ನೊಮ್ಮೆ ಮಾತಾಡೋಣ ಅಂತ ಸಭೆ ಎದ್ದಿತು.

ನಾನು ಏಳಲಿಲ್ಲ. ಎಲ್ಲರೂ ಹೋದ ಮೇಲೆ ಅವಳನ್ನು ಕೂರಿಸಿಕೊಂಡು, ನಿಮ್ಮಪ್ಪ ಕಟ್ಟಿದ್ದನ್ನು ನೀನೇ ಯಾಕಮ್ಮ ಕೆಡವುತ್ತೀಯ ಅಂತ ಕೇಳಿದೆ. ಅವಳು ಗೋಡೆಯ ಮೇಲಿನ ನಿನ್ನ ಪಟ ನೋಡಿದಳು, ಪಕ್ಕದ ಬುದ್ಧನ ಪಟ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅಂಕಲ್, ಟಬ್ಬಿನ ತಳದಲ್ಲಿ ಕೊನೇಗೆ ಯಾರ ತಟ್ಟೆ ಉಳೀತಿದ್ವು, ಯಾವತ್ತಾದ್ರೂ ನೋಡಿದ್ದೀರಾ?"

ನನಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಹೇಳಿದಳು, ರೋಗಿಯ ಮನೆಯವರಿಗೆ ಔಷಧಿ ಕೊಡುವ ಹೊತ್ತು ಹೇಳುವ ಹಾಗೆ. ಜನ ಟಬ್ಬಿಗೆ ಕೈ ಹಾಕಿ ಮೊದಲು ತಟ್ಟೆ ಬೋರಲು ಮಾಡುತ್ತಿದ್ದರಂತೆ. ಹೆಸರು ಓದುತ್ತಿದ್ದರಂತೆ. ಬೇಡದ್ದು ಅನ್ನಿಸಿದರೆ ನೊರೆಯೊಳಕ್ಕೆ ಜಾರಿಸಿ ಇನ್ನೊಂದು ಎತ್ತುತ್ತಿದ್ದರಂತೆ. ನಿನ್ನದು, ನಿನ್ನ ಅಕ್ಕನದು, ಲಕ್ಕವಳ್ಳಿಯ ಹೊನ್ನೇಶನದು, ನಿಮ್ಮ ಕಡೆಯವರವೆಲ್ಲ ಪ್ರತಿ ವರ್ಷ ತಳದಲ್ಲಿ ಉಳಿಯುತ್ತಿದ್ದವಂತೆ. ಎಲ್ಲರೂ ಬಸ್ಸಿಗೆ ಹೊರಟ ಮೇಲೆ ನೀನು ತೋಳು ಮಡಿಸಿಕೊಂಡು ಬಂದು ಅವನ್ನೆಲ್ಲ ತೊಳೆಯುತ್ತಿದ್ದೆಯಂತೆ.

"ಹೆಸರಿನ ಜೊತೆ ಊರನ್ನೂ ಹಾಕಿದ್ರಲ್ಲ ಅಂಕಲ್, ಅಲ್ಲಿಂದ ಅವರಿಗೆ ಇನ್ನೂ ಸಲೀಸಾಯ್ತು."

ಈ ಕಡೆ ಹೆಸರು, ಊರು ಎರಡೂ ಸಿಕ್ಕಿದರೆ ಮೂರನೆಯದನ್ನು ಯಾರೂ ಕೇಳಬೇಕಾಗಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ ಗಿರಿ? ಅದೇ ಮಾತನ್ನು ನಾನೇ ಪತ್ರಿಕೆಗೆ ಬರೆದಿದ್ದೆ, ಮತದಾರರ ವಿಷಯಕ್ಕೆ.

ನನ್ನ ನೆನಪಿನ ಬಗ್ಗೆ ನೀನೇ ಕುಚೋದ್ಯ ಮಾಡುತ್ತಿದ್ದೆ, "ಮೂರ್ತಿ ತಾವ ಹುಷಾರು, ಅಮಲ್ದಾರರ ಕಾಲದ್ದನ್ನೂ ಎತ್ತಾಡ್ತಾನೆ" ಅಂತ. ಯಾವ ಶಾಸಕರು ಯಾವ ಕೆರೆಯ ಏರಿಯ ಮೇಲೆ ನಿಂತು ಏನು ಭರವಸೆ ಕೊಟ್ಟರು ಅನ್ನುವುದು ನನಗೆ ನೆನಪಿದೆ. ಎಮ್ಮೆದೊಡ್ಡಿಯ ಕಾವಲು ಜಮೀನಿನ ಬಗ್ಗೆ ಯಾರು ಯಾವಾಗ ಸುಳ್ಳು ಹೇಳಿದರು, ನೆನಪಿದೆ. ಆ ಸಂಜೆ ತರೀಕೆರೆಯಿಂದ ರೈಲಿನಲ್ಲಿ ಬರುತ್ತಾ ನಾನು ತೊಳೆದ ತಟ್ಟೆಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಒಂದೂ ಬರಲಿಲ್ಲ. ಆಮೇಲೆ ತಿಳಿಯಿತು, ನಾನು ಯಾವತ್ತೂ ನೀರಿನ ಡ್ರಮ್ಮಿನ ಹತ್ತಿರ ಚೊಂಬು ಹಿಡಿದು ನಿಂತಿರುತ್ತಿದ್ದೆ. ತೊಳೆಯುವವರಿಗೆ ನೀರು ಹಾಕುತ್ತಿದ್ದೆ. ಟಬ್ಬು ನನ್ನ ಬೆನ್ನ ಹಿಂದೆ ಇರುತ್ತಿತ್ತು. ನೀನು ಕೊನೆಗೆ ಉಳಿದು ತೊಳೆಯುವುದನ್ನು ನೋಡಿದ್ದೆ, ಕರೆದವನ ಸೌಜನ್ಯ ಅಂದುಕೊಂಡಿದ್ದೆ. ಒಂದು ಭಾಷಣದಲ್ಲಿ ಅದನ್ನು ಹೊಗಳಿಯೂ ಇದ್ದೆ. ನೀನು ಆವತ್ತು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆ.

ಬೀರೂರು ಬಂದಿದ್ದು ಗೊತ್ತಾಗಲಿಲ್ಲ. ಕಡೂರಿನಲ್ಲಿ ಇಳಿದು ಮನೆಗೆ ನಡೆದೆ. ಹೆಂಡತಿ ತನುಜಾ ತಟ್ಟೆ ಇಟ್ಟು ಬಡಿಸಿದಳು. ಎಷ್ಟು ಉಂಡೆನೋ ತಿಳಿಯದು.

ಮರುದಿನ ಸಂಘಮಿತ್ರಾಳಿಗೆ ಫೋನು ಮಾಡಿ, ಆನ್‌ಲೈನಿಗೆ ನನ್ನ ಒಪ್ಪಿಗೆಯಿದೆ ಅಂದೆ. ಹೆಸರಿಲ್ಲದ ಒಂದೇ ಥರದ ತಟ್ಟೆಗಳನ್ನು ನಾನೇ ಕೊಡುತ್ತೇನೆ, ಮುಂದಿನ ವರ್ಷ ಅದರಲ್ಲಿ ಎಲ್ಲರೂ ಸೇರಿ ಉಣ್ಣೋಣ, ಯಾರದು ಅಂತ ಯಾರಿಗೂ ಗೊತ್ತಾಗುವುದಿಲ್ಲ ಅಂತಲೂ ಅಂದೆ. ಒಳ್ಳೆಯ ಉಪಾಯ ಅನ್ನಿಸಿತ್ತು. ಅವಳು ಕೇಳಿದಳು.

"ನಮ್ಮ ಹೆಸರು ಯಾಕೆ ಅಳಿಸ್ಬೇಕು ಅಂಕಲ್? ಬೆನ್ನಿನ ಹುಣ್ಣು ತೊಳೆಯೋಕೆ ಹೋದಾಗ ಹೆಸರು ಹೇಳಿಯೇ ಕರೀತಾರೆ. ಆಗ ಯಾರಿಗೂ ಹೆಸರು ಅಡ್ಡ ಬರಲ್ಲ."

 

ಕಾರ್ಯಕ್ರಮ ಚೆನ್ನಾಗಿಯೇ ಆಯಿತು, ಅದನ್ನೂ ಹೇಳಬೇಕು. ಆನ್‌ಲೈನ್ ಯಾಕೆ ಅನ್ನುವುದಕ್ಕೆ ಅವಳಲ್ಲಿ ಇನ್ನೊಂದು ಕಾರಣ ಇತ್ತು, ಅದು ಪರದೆ ನೋಡಿದ ಮೇಲೆ ತಿಳಿಯಿತು. ಹಾಸಿಗೆ ಹಿಡಿದವರಿಗಾಗಿ ಇರುವ ಬಳಗ ನಮ್ಮದು, ಇಷ್ಟು ವರ್ಷದ ಊಟಕ್ಕೆ ಹಾಸಿಗೆ ಹಿಡಿದವರು ಒಬ್ಬರೂ ಬಂದಿರಲಿಲ್ಲ. ಈ ಸಲ ಆರೈಕೆಯವರು ಒಂದೊಂದು ಮನೆಗೆ ಹೋಗಿ, ಮಂಚದ ಪಕ್ಕ ಫೋನು ಹಿಡಿದು ಕೂತರು. ನೆಟ್‌ವರ್ಕ್ ಸಿಗದ ಕಡೆ ಮುಂಚಿನ ದಿನವೇ ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದಿದ್ದರು. ಸಣ್ಣ ಸಣ್ಣ ಚೌಕಗಳಲ್ಲಿ ಮುಖಗಳು ಮೂಡಿದವು. ಸಿಂಗಟಗೆರೆಯ ಹನುಮಂತಪ್ಪ, ತೆಂಗಿನ ಮರದಿಂದ ಬಿದ್ದು ಸೊಂಟ ಕಳೆದುಕೊಂಡವನು, ನನ್ನನ್ನು ಪರದೆಯಲ್ಲಿ ನೋಡಿ, "ಏನ್ ಶೆಟ್ರಂಗೆ ಕುಂತಿದ್ದೀಯ ಮೂರ್ತಿ, ನನ್ ಗೋಡೆ ಬಿಟ್ರೆ ಬೇರೇನಾದ್ರೂ ಕಂಡು ಎಷ್ಟು ಕಾಲ ಆಗಿತ್ತು, ಅದೂ ನಿನ್ ಮೂತೀನಾ" ಅಂದ. ಎಲ್ಲ ಚೌಕಗಳೂ ನಕ್ಕವು. ನಾನೂ ನಕ್ಕೆ ಅಂತ ಕಾಣುತ್ತದೆ. ದುಶ್ಯಂತ್ ಆಮೇಲೆ ಎಷ್ಟು ಗಾಡಿಯ ಹೊಗೆ ತಪ್ಪಿತು, ಎಷ್ಟು ನೀರು ಉಳಿಯಿತು ಅಂತ ಓದಿ ಹೇಳಿದ. ಯಾವ ಕಸವೂ ಆಗಲಿಲ್ಲ. ಯಾರ ಕೈಯೂ ಒದ್ದೆಯಾಗಲಿಲ್ಲ. ವಿಶಾಲಾಕ್ಷಮ್ಮನವರು ತಮ್ಮ ಚೌಕದಿಂದ ಕೈ ಮುಗಿದು, ಇದೇ ಅನುಕೂಲ, ಪ್ರತಿ ವರ್ಷ ಹೀಗೇ ಮಾಡಿ ಅಂದರು. ಒಂದೊಂದೇ ಚೌಕ ಆರಿತು.

ಅದಾದ ಮುಂದಿನ ಭಾನುವಾರ ಸಂಘಮಿತ್ರಾಳನ್ನು ಊಟಕ್ಕೆ ಕರೆದೆ. ಬಂದಳು. ಇಷ್ಟು ವರ್ಷದಲ್ಲಿ ನೀನು ನನ್ನ ಅಂಗಡಿಯಲ್ಲಿ ಎಷ್ಟೋ ಸಲ ಕಾಫಿ ಕುಡಿದಿದ್ದೀಯ, ಮನೆಯೊಳಗೆ ಕೂತು ಉಂಡಿದ್ದೀಯಾ? ತನುಜಾಳನ್ನು ಕೇಳಿದೆ, ಅವಳಿಗೂ ನೆನಪಿಲ್ಲ ಅಂದಳು. ಸಂಘಮಿತ್ರಾ ಚೀಲದಿಂದ ತಾನೇ ತಂದ ತಟ್ಟೆ ತೆಗೆದಳು. "ಪದ್ಧತಿ ಅಲ್ವಾ ಅಂಕಲ್" ಅಂತ ನಕ್ಕಳು, ನಿನ್ನದೇ ನಗು. ಮುದ್ದೆ, ಹುಳಿಸೊಪ್ಪು ಉಂಡಳು. ತನುಜಾಳ ಹತ್ತಿರ ಎರಡನೆಯ ಸಲ ಹಾಕಿಸಿಕೊಂಡಳು. ಅವಳು ಏಳುವಾಗ ನಾನು ತಟ್ಟೆಗೆ ಕೈ ಚಾಚಿದೆ. ಕೊಡಲಿಲ್ಲ. ಸಿಟ್ಟಿನಿಂದಲ್ಲ. ನನ್ನ ಕೈಯನ್ನು ನೋಡಿದಳು, ನಲ್ಲಿಯ ಹತ್ತಿರ ಹೋದಳು, ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು.

ಹೊರಡುವಾಗ ತಟ್ಟೆ ಮರೆತಳು ಅಂದುಕೊಂಡು ತರಲು ಹೋದೆ. ಬೇಡ ಅಂದಳು.

"ಅದು ಇಲ್ಲೇ ಇರ್ಲಿ. ಮತ್ತೆ ಬತ್ತೀನಿ, ಅದ್ರಲ್ಲೇ ಉಣ್ತೀನಿ. ತೊಳೆಯೋಕೆ ಕೊಡೋ ಹಂಗೆ ಅನ್ನಿಸಿದ ದಿನ ನಿಮ್ ಕೈಗೆ ಕೊಡ್ತೀನಿ."

ಸ್ಕೂಟರು ಹೋಯಿತು. ಒಳಗೆ ಬಂದು ತಟ್ಟೆಯ ಹಿಂಬದಿ ನೋಡಿದೆ. ನನ್ನದೇ ಅಕ್ಷರ. ಮೊದಲ ವರ್ಷ ಕೊರೆದದ್ದು, ಮಿಷನ್ ಹೊಸದು, ಕೈ ಪಳಗಿರಲಿಲ್ಲ, ಗಿ ಅಕ್ಷರ ಸ್ವಲ್ಪ ಸೊಟ್ಟಗಿದೆ. ಗಿರಿಯಪ್ಪ, ಪಕ್ಕದಲ್ಲಿ ಆಮೇಲೆ ಸೇರಿಸಿದ ತರೀಕೆರೆ.

ಇಷ್ಟು ವರ್ಷ ನಾನು ಮಾಡಬೇಕಾಗಿದ್ದ ಕೆಲಸ ಒಂದೇ, ಅದನ್ನು ಕೂಗುವುದು. ಅಡುಗೆಮನೆಯಲ್ಲಿ ನಿಂತು ಕೂಗಿದೆ. "ಗಿರಿಯಪ್ಪ ಯಾರ್ರೀ, ತರೀಕೆರೆ ಗಿರಿಯಪ್ಪ?" ತನುಜಾ ಬಾಗಿಲಿಗೆ ಬಂದು ನಿಂತಳು. ತಟ್ಟೆ ತೊಟ್ಟಿಕ್ಕುತ್ತಿತ್ತು. ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ನೀನಿರುವ ಕಡೆ ಪಂಕ್ತಿ ಇದ್ದರೆ ಕೊನೆಯವರೆಗೆ ಉಳಿಯಬೇಡ, ಮೊದಲೇ ಎದ್ದು ಹೋಗು. ನಿನ್ನ ತಟ್ಟೆಯನ್ನು ಬೇರೆ ಯಾರಾದರೂ ತೊಳೆಯಲಿ.

ಇಲ್ಲಿ ನಿನ್ನ ತಟ್ಟೆ ಕಾಯುತ್ತಾ,
ಮೂರ್ತಿ
ಕಡೂರು