ಭತ್ತದ ಕಣದಲ್ಲಿ ಕಾರಿನ ಸಿನಿಮಾ

ನನ್ನ ಟೆಂಟಿನ ಕಾಕಾ,

ಚೀಕಲಪರ್ವಿಯ ಹೊಳೆದಂಡೆಯಲ್ಲಿ ನೀನು ಸಿನಿಮಾ ಟೆಂಟು ಹಾಕಿದ್ದ ವರ್ಷ ನೆನಪಿದೆಯಾ? ಆಟಕ್ಕೆ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಬೀಡಿ ಹಚ್ಚುವುದನ್ನೂ ಮರೆತು ಜನರ ದಾರಿ ನೋಡುತ್ತಾ ನೀನು ನಿಲ್ಲುತ್ತಿದ್ದೆ. ನಿನ್ನ ಚಡಪಡಿಕೆ ಕಂಡು ಆಗ ನನಗೆ ನಗು ಬರುತ್ತಿತ್ತು. ಈಗ ದಾರಿ ನೋಡುವ ಸರದಿ ನನ್ನದು.

ನೀನು ಹೋದ ಮೇಲಿನ ಸುದ್ದಿ ಹೇಳುತ್ತೇನೆ, ಬೈಯಬೇಡ. ಮಾನ್ವಿಯ ಹೊರಗೆ, ಶರಣಪ್ಪನವರ ಅಕ್ಕಿ ಗಿರಣಿಯವರು ಭತ್ತ ಒಣಗಿಸುವ ಕಣದಲ್ಲಿ ಪರದೆ ನಿಲ್ಲಿಸಿದ್ದೇನೆ. ವಾರಕ್ಕೊಂದೇ ಆಟ, ಶನಿವಾರ. ಜನ ತಮ್ಮ ಕಾರಿನಲ್ಲೇ ಕುಳಿತು ಸಿನಿಮಾ ನೋಡುವುದು. ಮಾತು, ಹಾಡು ಕಾರಿನ ರೇಡಿಯೋದಲ್ಲಿ ಕೇಳುತ್ತವೆ. ಥೇಟರುಗಳು ಒಂದೊಂದೇ ಮುಚ್ಚುವಾಗ ಇದೊಂದಾದರೂ ಇರಲಿ ಎಂಬ ಆಸೆ. ನೀನಿದ್ದರೆ ನನ್ನನ್ನು ಹುಚ್ಚಿ ಅನ್ನುತ್ತಿದ್ದೆಯೋ, ಪರದೆಯ ಹಗ್ಗ ಬಿಗಿಯಲು ಓಡಿ ಬರುತ್ತಿದ್ದೆಯೋ...

ಹೋದ ಶನಿವಾರ ಮೊದಲ ಆಟ. ಕಾರುಗಳೇನೋ ಬಂದವು. ಆದರೆ ನಮ್ಮ ಮಂದಿ ಕಾರಿನಲ್ಲಿ ಕೂಡಬೇಕಲ್ಲ? ಎಲ್ಲರೂ ಇಳಿದು, ಪರದೆಯ ಮುಂದೆ ಜಮಖಾನೆ ಹಾಸಿ, ಚುರುಮುರಿ ಗಂಟು ಬಿಚ್ಚಿ ಕುಳಿತರು. ಸಿನಿಮಾ ಶುರುವಾಯಿತು, ಸದ್ದಿಲ್ಲ. ಸದ್ದೆಲ್ಲ ಖಾಲಿ ಕಾರುಗಳೊಳಗೆ. "ಕಾರಿನ್ಯಾಗ ಕುಂದರ್ರೀ ಯಪ್ಪಾ, ಅಲ್ಲೇ ಕೇಳ್ತದ" ಎಂದು ನಾನು ಕೈಮುಗಿಯುತ್ತ ತಿರುಗಿದೆ. ಮಸರಕಲ್ಲಿನಿಂದ ಬಂದಿದ್ದ ಹನುಮಂತಣ್ಣ ಜಮಖಾನೆ ಬಿಡಲು ಒಪ್ಪಲಿಲ್ಲ. "ಬ್ಯಾರೆ ಬ್ಯಾರೆ ಕುಂದರೋದಿದ್ರ ಮನ್ಯಾಗ ಮೊಬೈಲ್ ಇಲ್ಲೇನ್ರಿ ಅಕ್ಕಾರ? ನಾಕು ಮಂದಿ ಕೂಡಿ ನಗಬೇಕಂತ ಇಷ್ಟು ದೂರ ಬಂದೀವಿ" ಎಂದವರು ತಮ್ಮ ಕಾರಿನ ಬಾಗಿಲೆಲ್ಲ ತೆರೆದು, ರೇಡಿಯೋ ಜೋರು ಮಾಡಿ ಬಂದು ಕುಳಿತರು. ಉಳಿದವರೂ ಹಾಗೇ ಮಾಡಿದರು. ಕಣದ ತುಂಬ ಹಾಡು. ನನಗೆ ಅಳು ಬಂತು ಕಾಕಾ, ಸಂತೋಷಕ್ಕೆ.

ಆಟ ಮುಗಿದಾಗ ಅರ್ಧ ಕಾರುಗಳ ಬ್ಯಾಟರಿ ಇಳಿದುಹೋಗಿತ್ತು. ಸೆರಗು ಸಿಕ್ಕಿಸಿಕೊಂಡು ಹೆಂಗಸರೂ ಕಾರು ದೂಡಿದರು. ಗಿರಣಿಯ ಬಾಗಿಲಲ್ಲಿ ನಿಂತಿದ್ದ ಶರಣಪ್ಪನವರು, "ಇವರು ಮತ್ತ ಬರ್ತಾರೇನವ್ವಾ? ಬರೋ ಶನಿವಾರ ಕಣ ಖಾಲಿ ಇದ್ರ ನಾನು ಭತ್ತ ಹರವಸ್ತೀನಿ. ಆಮ್ಯಾಲ ಸಿನಿಮಾ ಗಿನಿಮಾ ಇಲ್ಲ" ಎಂದರು. ಅವರದೇನು ತಪ್ಪು, ಹೇಳು?

ಇವತ್ತು ಆ ಶನಿವಾರ. ಹೊತ್ತು ಮುಳುಗುತ್ತಿದೆ. ಭತ್ತದ ಚೀಲಗಳು ಆಗಲೇ ಕಣದ ಅಂಚಿಗೆ ಬಂದಿಳಿದಿವೆ. ದೇವದುರ್ಗದ ಬಸ್ಸು ಹೋಯಿತು, ರಾಯಚೂರಿನದೂ ಹೋಯಿತು. ಕಾರು ಒಂದೂ ಇಲ್ಲ. ಒಮ್ಮೆ ಬೆವರು ಸುರಿಸಿ ದೂಡಿದವರು ಮತ್ತೆ ಯಾಕಾದರೂ ಬರುತ್ತಾರೆ? ಇಂಥ ಸಂಜೆಗಳನ್ನು ನೀನು ಹೇಗೆ ಕಳೆಯುತ್ತಿದ್ದೆ? ನನಗಂತೂ ಭಯವಾಗುತ್ತಿದೆ. ಸುಮ್ಮನೆ ಕೂಡಲಾಗದೆ ಇದನ್ನು ಬರೆಯುತ್ತಿದ್ದೇನೆ. ತಾಳು, ದಾರಿಯಲ್ಲಿ ಏನೋ ಬೆಳಕು...

ಹನುಮಂತಣ್ಣ, ಕಾಕಾ. ಅವರು ಬಂದದ್ದು ಟ್ರ್ಯಾಕ್ಟರಿನಲ್ಲಿ. ಬೆನ್ನಿಗೆ ಸಾಲಾಗಿ ಕಾರುಗಳು. ಟ್ರ್ಯಾಕ್ಟರಿನ ಸೀಟಿನ ಪಕ್ಕದಲ್ಲಿ ದಪ್ಪ ಹಗ್ಗದ ಸುರುಳಿ. "ಈ ಸಲ ಯಾರೂ ದೂಡೋದು ಬ್ಯಾಡ್ರಿ ಅಕ್ಕಾರ. ಹೋಗೋ ಮುಂದ ಎಲ್ಲಾರನ್ನೂ ಎಳಿಯಾಕ ಇದನ್ನ ತಂದೀನಿ" ಎಂದರು. ಶರಣಪ್ಪನವರು ಕಣದ ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿ ಹಮಾಲರನ್ನು ಕರೆದರು.

"ಚೀಲ ಎತ್ತಿ ಒಳಗ ಹಾಕ್ರಿ. ಗಾಡಿ ನಿಲ್ಸಾಕ ಜಾಗ ಸಾಲವಲ್ದು."

ನಿನ್ನ,
ಸುಮಿ