ಪರದೆಯಲ್ಲಿರದ ದೋಷ

ಮಗಳಂತಿದ್ದ ಶಿಷ್ಯೆ ಪ್ರತಿಮಾ,

ಕುಂದಾಪುರದ ಅಂಗಡಿಯಲ್ಲಿ ಮಾನಿಟರ್ ಆರಿಸುತ್ತ ನಾವು ಕಳೆದ ಆ ಮಧ್ಯಾಹ್ನ ನೆನಪಿದೆಯೇ? ಮನೆಯಲ್ಲೇ ಕುಳಿತು ಎಂಜಿನಿಯರರೊಬ್ಬರಿಗೆ ಮನೆಗಳ ಪ್ಲಾನ್ ಬಿಡಿಸಿಕೊಡುವ ಕೆಲಸ ನಿನಗೆ ಆಗಷ್ಟೇ ಸಿಕ್ಕಿತ್ತು. ಐಟಿಐಯಲ್ಲಿ ಡ್ರಾಯಿಂಗ್ ಕಲಿಸಿದವನೆಂಬ ಸಲುಗೆಯಿಂದ ನಾನೂ ಜೊತೆಗೆ ಬಂದಿದ್ದೆ. ಹೊಳಪಿನ ಪರದೆ ಬೇಡ, ಹಂಗಾರಕಟ್ಟೆಯ ನಿಮ್ಮ ಮನೆಯ ಕಿಟಕಿಯಿಂದ ಹೊಳೆಯ ಬೆಳಕೆಲ್ಲ ಅದರ ಮೇಲೆಯೇ ಬೀಳುತ್ತದೆ ಎಂದೆ. ಎತ್ತರ ಏರಿಸಿ ಇಳಿಸಲು ಬರಬೇಕು, ಮೂರು ವರ್ಷದ ವಾರಂಟಿ ಬೇಕು, ಕೆಟ್ಟರೆ ಉಡುಪಿಯಿಂದಲಾದರೂ ಜನ ಬರುವಂತಿರಬೇಕು ಎಂದೆ. ಪರದೆಯನ್ನು ಪೂರ್ತಿ ಬಿಳಿಯಾಗಿಸಿ ಬೆಳಗದ ಸತ್ತ ಚುಕ್ಕೆಗಳನ್ನು ಹುಡುಕುತ್ತಿದ್ದಾಗ ಅಂಗಡಿಯವನಿಗೆ ತಾಳ್ಮೆ ತಪ್ಪಿತು.

"ಹ್ವಾಯ್ ಮಾಸ್ಟ್ರೇ, ನೀವ್ ಮಾನಿಟರ್ ತಕಂಬುಕ್ ಬಂದದ್ದಾ, ಗಂಡ್ ಕಾಂಬುಕ್ ಬಂದದ್ದಾ?"

"ಗಂಡ್ ಹಾಳಾರೆ ಹ್ಯಾಂಗಾರೂ ಸುಧಾರ್ಸ್‌ಲಕ್ಕ್. ಇದ್ ಹಾಳಾರೆ ಪ್ಲಾನ್ ಕೊಡೂದ್ ಹ್ಯಾಂಗೆ?" ಎಂದೆ ನೀನು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ನಗು ಈಗ ನನ್ನ ನೆನಪಿನಲ್ಲಿ ಮಾತ್ರ...

ತಲೆನೋವೆಂದು ನೀನು ಮೊದಲು ಹೇಳಿದ್ದು ಫೋನಿನಲ್ಲಿ. ನಾನು ಬ್ರಹ್ಮಾವರದಿಂದ ಬಸ್ಸು ಹತ್ತಿ ಬಂದು ಮೇಜನ್ನು ಕಿಟಕಿಯಿಂದ ಆಚೆಗೆ ತಿರುಗಿಸಿದೆ, ಪರದೆಯ ಬೆಳಕನ್ನು ತಗ್ಗಿಸಿದೆ. ದೋಣಿ ಕಟ್ಟುವ ನಿನ್ನ ಅಪ್ಪಯ್ಯ ಮಾನಿಟರಿನ ಅಡಿಗೆ ಹಲಸಿನ ಹಲಗೆಯೊಂದನ್ನು ಕೆತ್ತಿ ಕೊಟ್ಟರು. ಚಹಾ ತಂದ ನಿನ್ನ ಅಮ್ಮ, "ಬೆಳಿಗ್ಗೆ ಏಳುವತ್ತಿಗೇ ತಲಿನೋವ್ ಅಂತ್ ಮಾಸ್ಟ್ರೇ, ಕಂಪ್ಯೂಟರ್ ಹಾಕೂಕ್ ಮುಂಚೆಯೇ" ಎಂದರು. ಹಿಂದಿನ ದಿನದ ಆಯಾಸ ಉಳಿದಿರುತ್ತದೆ ಎಂದು ನಾನು ವಿವರಿಸಿದೆ. ಎಷ್ಟು ಸೊಗಸಾಗಿ ವಿವರಿಸಿದೆನೆಂದರೆ ಅವರು ಒಪ್ಪಿಯೂ ಬಿಟ್ಟರು.

ಮುಂದಿನ ತಿಂಗಳು ನೀನೇ ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಕಾಣಿ ಮಾಸ್ಟ್ರೇ, ಒಂದ್ ಗೆರಿ ಎರಡಾಯಿ ಕಾಣತ್ತ್. ಒಂದ್ ಕಣ್ ಮುಚ್ಚಿರೆ ಸರಿ ಆತ್ತ್."

ಜೀವಮಾನವೆಲ್ಲ ಗೆರೆಗಳನ್ನೇ ತಿದ್ದಿದವನು ನಾನು. ಗೆರೆ ಪರದೆಯಲ್ಲೇ ಎರಡಾಗಿದ್ದರೆ ಒಂದು ಕಣ್ಣು ಮುಚ್ಚಿದ ಮಾತ್ರಕ್ಕೆ ಅದು ಒಂದಾಗುವುದು ಹೇಗೆ? ಇಷ್ಟು ಸರಳ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ? ಪರೀಕ್ಷಿಸಲು ಉಡುಪಿಯಿಂದ ಬಂದ ಹುಡುಗ ಮಾನಿಟರಿನಲ್ಲಿ ಯಾವ ದೋಷವೂ ಇಲ್ಲವೆಂದ. ನಾನು ಅವನ ಮೇಲೆಯೇ ರೇಗಿ, ಇನ್ನೂ ಒಳ್ಳೆಯ ಕಂಪನಿಯ ಮಾನಿಟರನ್ನು ಆರ್ಡರ್ ಮಾಡಿಸಿದೆ.

ಅದು ಮನೆಗೆ ಬಂದಾಗ ನೀನು ಆಸ್ಪತ್ರೆಯಲ್ಲಿದ್ದೆ. ತಲೆಯೊಳಗೆ ಗಡ್ಡೆ ಬೆಳೆದಿದೆಯೆಂದು ಸ್ಕ್ಯಾನ್ ಹೇಳಿತ್ತು. "ಹೊಸ್ದ್ ಬಂತಾ ಮಾಸ್ಟ್ರೇ? ಗೆರಿ ಸರಿ ಇತ್ತಾ?" ಎಂದು ಕೇಳಿದೆಯಲ್ಲ, ಸರಿಯಾಗಿದೆ ಮಗಾ ಎಂದೆ. ಪೆಟ್ಟಿಗೆಯನ್ನು ನಾನು ಬಿಚ್ಚಿರಲೇ ಇಲ್ಲ. ಹೊರಗೆ ಡಾಕ್ಟರು ನನ್ನೊಬ್ಬನಿಗೇ, "ಎರಡೆರಡು ಕಾಣಲು ತೊಡಗಿದಾಗಲೇ ಕರೆತಂದಿದ್ದರೆ..." ಎಂದು ನಿಲ್ಲಿಸಿದರು.

ನೀನು ಹೋದ ಮೇಲೆ ನಿಮ್ಮ ಮನೆಯ ಅಂಗಳದಲ್ಲಿ ಬಂದವರಿಗೆಲ್ಲ ನಿನ್ನ ಅಪ್ಪಯ್ಯ ಹೇಳುತ್ತಿದ್ದುದು ಒಂದೇ ಮಾತು: "ನಮ್ ಹೆಣ್ಣಿಗೆ ಮಾಸ್ಟ್ರ್ ಮಾಡಿದಷ್ಟ್ ಯಾರೂ ಮಾಡ್ಲಿಲ್ಲ." ನನಗೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಆ ಕುರ್ಚಿಯಲ್ಲಿ ಕೂರುವುದು ಎಷ್ಟು ಕಷ್ಟವಾಗುತ್ತಿತ್ತೆಂದು ನಿನಗಲ್ಲದೆ ಯಾರಿಗೆ ಹೇಳಲಿ? ಎರಡೆರಡು ಕಾಣುತ್ತದೆಂದು ನೀನು ಹೇಳಿದ್ದನ್ನೂ ಡಾಕ್ಟರ ಅರ್ಧ ವಾಕ್ಯವನ್ನೂ ಬಚ್ಚಿಟ್ಟುಕೊಂಡೇ ಒಂದು ವರ್ಷ ಅವರ ಮನೆಯ ಚಹಾ ಕುಡಿದೆ.

ನಿನ್ನೆ ಹೇಳಿಬಿಟ್ಟೆ. ನಿನ್ನ ಅಪ್ಪಯ್ಯ ಎದ್ದು ದೋಣಿಯ ಕಡೆಗೆ ನಡೆದರು. ನಾನು ಹೊರಡುವವರೆಗೂ ಮರಳಲಿಲ್ಲ. ಅಮ್ಮ, "ಎರಡೆರಡ್ ಕಾಣತ್ತ್ ಅಂತ ಹೆಣ್ಣ್ ನನ್ ಹತ್ರವೂ ಹೇಳಿತ್ ಮಾಸ್ಟ್ರೇ. ತಲಿಗ್ ಎಣ್ಣಿ ತಟ್ಟಿ, ಮನಿಕೋ ಅಂದೆ. ನಾನೂ ಇವ್ರ ಹತ್ರ ಹೇಳ್ಲಿಲ್ಲ" ಎಂದರು. ಅವರನ್ನು ಸಮಾಧಾನಪಡಿಸುವ ಯೋಗ್ಯತೆ ನನಗೆಲ್ಲಿತ್ತು?

ಪ್ರತಿಮಾ, ಭಾನುವಾರಗಳಂದು ನನ್ನ ಮನೆಯಲ್ಲಿ ಈಗ ಆರು ಮಂದಿ ಡ್ರಾಫ್ಟಿಂಗ್ ಕಲಿಯುತ್ತಿದ್ದಾರೆ. ಬೈಂದೂರಿನಿಂದ ಇಬ್ಬರು ಹುಡುಗಿಯರು ರೈಲು ಹಿಡಿದು ಬರುತ್ತಾರೆ. ಅವರ ಗೆರೆಗಳನ್ನು ಕಂಡರೆ ನಿನಗೂ ಸಂತೋಷವಾಗುತ್ತಿತ್ತು. ಈ ವಾರ ಮನೆಗೆ ಮಾನಿಟರ್ ಆರಿಸುವುದು ಹೇಗೆಂದು ತಿಳಿಸಬೇಕು. ಅದಕ್ಕೆ ಮೊದಲು, ಕಣ್ಣಿಗೆ ಎರಡೆರಡು ಕಂಡರೆ ನನ್ನ ಬಳಿಗಲ್ಲ, ಡಾಕ್ಟರ ಬಳಿಗೆ ಓಡಿ ಎಂದು ಹೇಳುತ್ತೇನೆ. ನನ್ನ ತಪ್ಪನ್ನೂ ಹೇಳುತ್ತೇನೆ. ನಿನ್ನ ಹೆಸರನ್ನು ಮಾತ್ರ ಎತ್ತುವುದಿಲ್ಲವೆಂದು ನಿನ್ನೆ ಹೊರಡುವಾಗ ನಿನ್ನ ಅಮ್ಮನಿಗೆ ಮಾತು ಕೊಡಲು ಹೋದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಹೆಸ್ರ್ ಹೇಳಿ ಮಾಸ್ಟ್ರೇ. ಇನ್ನ್ ಯಾರ್ ಹೇಳ್ತ್ರ್ ಅದ್ರ್ ಹೆಸ್ರ್?" ಎಂದರು.

ನಿನ್ನ ಮಾಸ್ಟ್ರು