ಗುಬ್ಬಿ ಎಂಬ ಬೋಲ್ಟು

ಟೀಮ್ ಲೀಡರ್ ಸಾಹೇಬರೇ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನಿನ್ನೆಯಿಂದ ನಿನ್ನ ಮುಖ ನೆನಪಾದರೆ ಅನ್ನ ಸೇರುತ್ತಿಲ್ಲ. ಇದನ್ನು ಕೋಪ ಅಂದುಕೊಳ್ಳಬೇಡ. ಕೋಪವಾದರೆ ಇಳಿಯುತ್ತದೆ. ಇದು ಹೇಸಿಗೆ ಕಣೋ.

ನಾನು ಆಫೀಸಿಗೆ ಹೊಸಬಳಾಗಿ ಬಂದಾಗ, ಕಂಪ್ಯೂಟರಿನಲ್ಲಿ ಉಕ್ಕಿನ ಕಟ್ಟಡ ನಿಲ್ಲಿಸುವುದನ್ನು ಕಲಿಸಿದವನು ನೀನೇ. ಬೋಲ್ಟು, ವಾಷರ್, ನಟ್ಟು ಮೂರನ್ನೂ ಸೇರಿಸಿ ಒಂದು ಜೋಡಣೆ ಮಾಡಿ, ಹೆಸರಿಟ್ಟು ಪಟ್ಟಿಗೆ ಸೇರಿಸುವುದನ್ನು ತೋರಿಸಿದೆ. ಆಮೇಲೆ ಯಾವ ಜಾಯಿಂಟಿಗೆ ಆ ಹೆಸರು ಕೊಟ್ಟರೂ ಪ್ಲೇಟುಗಳ ದಪ್ಪ ಅಳೆದು ತಕ್ಕ ಬೋಲ್ಟನ್ನು ಕಂಪ್ಯೂಟರೇ ಆರಿಸುತ್ತದೆ. “ಬೋಲ್ಟಿನ ಮೂತಿ ನಟ್ಟಿನಾಚೆ ಇಣುಕ್ಲೇಬೇಕು, ಇಲ್ಲಾಂದ್ರೆ ಅದು ಹಿಡಿದ ಹಾಗಲ್ಲ” ಅಂದಿದ್ದೆ. ಎಂಥಾ ಗುರುಗಳಪ್ಪಾ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅಂಥ ಒಂದು ಜೋಡಣೆಗೆ ನೀನು ನನ್ನ ಹೆಸರಿಟ್ಟೆ. ನೀನು ಕರೆಯುತ್ತಿದ್ದ ಹೆಸರು, ಗುಬ್ಬಿ. ಮನೆಯಲ್ಲಿ ಹೇಳಿದರೆ ಅಮ್ಮ ಬಿದ್ದು ಬಿದ್ದು ನಕ್ಕಳು. “ಓಲೆ ಕೊಡೋದು ಬಿಟ್ಟು ಬೋಲ್ಟು ಕೊಟ್ಟನೇನೇ ನಿನ್ನ ಹುಡುಗ!” ನನಗೆ ಮಾತ್ರ ಅದಕ್ಕಿಂತ ದೊಡ್ಡ ಒಡವೆ ಬೇಕಿರಲಿಲ್ಲ. ನಾವು ಮಾಡಿದ ಎಷ್ಟೋ ಕಟ್ಟಡಗಳಲ್ಲಿ ಗುಬ್ಬಿ ಕೂತಿದೆ ಅಂತ ಒಳಗೊಳಗೇ ಬೀಗುತ್ತಿದ್ದೆ.

ನಿನ್ನೆ ಆಸ್ಪತ್ರೆಯ ಎರಡು ಕಟ್ಟಡಗಳ ನಡುವೆ ಮೂರನೇ ಮಹಡಿಯಲ್ಲಿ ಹಾಯುವ ಸೇತುವೆಯ ಮಾದರಿಯನ್ನು ಕೊನೆಯ ಸಲ ನೋಡುತ್ತಿದ್ದೆ. ಸುಮ್ಮನೆ ಒಂದು ಜಾಯಿಂಟನ್ನು ದೊಡ್ಡದು ಮಾಡಿದೆ. ಬೋಲ್ಟು ನಟ್ಟಿನ ಅರ್ಧಕ್ಕೇ ನಿಂತಿತ್ತು. ಪಕ್ಕದ್ದೂ ಹಾಗೆಯೇ. ಎಲ್ಲಕ್ಕೂ ಒಂದೇ ಹೆಸರು, ಗುಬ್ಬಿ. ಪಟ್ಟಿಯಲ್ಲಿ ಆ ಜೋಡಣೆಯನ್ನು ತೆರೆದು ನೋಡಿದರೆ ನಟ್ಟಿಗಾಗಿ ಬಿಡುವ ಹೆಚ್ಚುವರಿ ಉದ್ದವನ್ನು ಯಾರೋ ಕಡಿಮೆ ಮಾಡಿದ್ದರು. ಯಾರೋ ಏನು ಬಂತು, ನೀನೇ. ಆ ಹೆಸರು ಕಂಡರೆ ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ ಅಂತ ನಿನಗೆ ಗೊತ್ತಿತ್ತು.

ಕೇಳಲು ಬಂದರೆ ನೀನು ಕಿತ್ತಳೆ ಸುಲಿಯುತ್ತಾ ಕೂತಿದ್ದೆ. “ಗೋದಾಮಲ್ಲಿ ಗಿಡ್ಡ ಬೋಲ್ಟು ಮೂಟೆಗಟ್ಟಲೆ ಬಿದ್ದಿದೆ, ಖಾಲಿ ಮಾಡಿ ಅಂತ ದೊಡ್ಡ ಸಾಹೇಬ್ರು ತಲೆ ತಿಂತಿದಾರೆ. ಪೇಂಟ್ ಬಳಿದ ಮೇಲೆ ಯಾರು ಹತ್ತಿ ನೋಡ್ತಾರೆ ಗುಬ್ಬಿ?” ಅಂದೆ. “ನಿಮ್ಮಮ್ಮನೂ ಮೊಣಕಾಲು ತೋರಿಸೋಕೆ ಆ ಆಸ್ಪತ್ರೆಗೇ ಹೋಗ್ತಾರಲ್ಲೋ” ಅಂದೆ ನಾನು. ತಲೆ ಕೂಡ ಎತ್ತಲಿಲ್ಲ ನೀನು. “ಅಮ್ಮನ್ನ ಕೆಳಗಡೆಯಿಂದಲೇ ಕರ್ಕೊಂಡು ಹೋಗ್ತೀನಿ ಬಿಡು.”

ಆಮೇಲೆ ಒಂದು ತೊಳೆ ಬಿಡಿಸಿ ನನ್ನ ಕಡೆ ಚಾಚಿದೆ, ತಿನ್ನು ಅಂತ. ಥೂ! ಆ ವಾಸನೆ ಇನ್ನೂ ಮೂಗಿನಲ್ಲಿದೆ. ಸ್ಟ್ರೆಚರಿನಲ್ಲಿ ಮಲಗಿ ಹೋಗುವವರು ಯಾರದೋ ಅಮ್ಮ ಅಲ್ಲವೇನೋ? ಇಂಥವನ ತಟ್ಟೆಯ ಪಕ್ಕ ತಟ್ಟೆ ಇಟ್ಟುಕೊಂಡು ಬಾಳುವೆ ಮಾಡಲು ಹೊರಟಿದ್ದೆನಲ್ಲ ಅಂತ ಮೈಯೆಲ್ಲ ಉರಿಯುತ್ತದೆ.

ಸಹಿ ಮಾಡುವ ಇಂಜಿನಿಯರಿಗೆ ಎಲ್ಲ ಹೇಳಿದ್ದೇನೆ. ವರ್ಕ್‌ಶಾಪಿಗೆ ಹೊರಟಿದ್ದ ನಕ್ಷೆಗಳನ್ನು ಅವರು ತಡೆದರು. ಉದ್ದವನ್ನು ನಾನೇ ಸರಿಪಡಿಸಿ, ಒಂದೊಂದು ಜಾಯಿಂಟನ್ನೂ ಕಣ್ಣಾರೆ ನೋಡಿದೆ. ಪಟ್ಟಿಯಿಂದ ಆ ಹೆಸರು ತೆಗೆದು ಬರೀ ಅಳತೆ ಬರೆದಿದ್ದೇನೆ. ಮದುವೆಯ ಮಾತು ಇಲ್ಲಿಗೆ ಮುಗಿಯಿತು. ಅಮ್ಮ ಈ ಸಲ ನಗಲಿಲ್ಲ. “ಹೋಗ್ಲಿ ಬಿಡೇ, ಮೊದಲೇ ಗೊತ್ತಾಯ್ತಲ್ಲ” ಅಂದು ತಲೆ ಸವರಿದಳು. ಆಗ ಮಾತ್ರ ಅಳು ಬಂತು.

ನಿನ್ನ ತಾಯಿಯ ಮೊಣಕಾಲು ಬೇಗ ವಾಸಿಯಾಗಲಿ, ಅವರು ನೂರು ಕಾಲ ಬಾಳಲಿ. ಸೇತುವೆ ಕಟ್ಟಿದ ಮೇಲೆ ಅವರನ್ನು ಅದರ ಮೇಲಿನಿಂದಲೇ ಕರೆದುಕೊಂಡು ಹೋಗು. ಹೆದರಬೇಡ, ಈಗ ಅಲ್ಲಿ ನೀನು ಮಾಡಿದ್ದು ಯಾವುದೂ ಇಲ್ಲ.

ಇಂತಿ,
ನಿನಗೆ ಇನ್ನು ಹೆಸರಿಲ್ಲದವಳು